ನಿದ್ದೆಯ ಹೊತ್ತಿನ ಪ್ಯಾಸಿಫೈಯರ್ ಬಿಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಹಗಲಿನಲ್ಲಿ ಪ್ಯಾಸಿಫೈಯರ್ (ಮಗು ಚೀಪಲೆಂದು ಬಾಯಿಗಿಡುವ ರಬ್ಬರು ಅಥವಾ ಸಿಲಿಕೋನಿನ ನಿಪ್ಪಲ್) ಇಲ್ಲದೆ ಆಡಿಕೊಂಡಿರುವ ಮಗು ಮಲಗುವ ಹೊತ್ತಿಗೆ ಅದಕ್ಕಾಗಿ ರಚ್ಚೆ ಹಿಡಿಯುತ್ತದೆ. ಮೊದಲ ರಾತ್ರಿ ಹೇಗೋ ಕಳೆಯುತ್ತದೆ. ಎರಡನೆಯ ಅಥವಾ ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮನೆಯವರೆಲ್ಲ ಎದ್ದು ಕುಳಿತಿರುತ್ತಾರೆ, ಯಾರೋ ಒಬ್ಬರು ಕಪಾಟಿನಿಂದ ಅದನ್ನು ತೆಗೆದು ಮಗುವಿನ ಬಾಯಿಗಿಡುತ್ತಾರೆ. ತಿಂಗಳು ಕಳೆದ ಮೇಲೆ ಮತ್ತೆ ಅದೇ ಪ್ರಯತ್ನ, ಮತ್ತೆ ಅದೇ ಫಲ. ಹೀಗೆ ಎರಡು ಮೂರು ಬಾರಿ ಸೋತವರ ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಹೆಚ್ಚಾಗಿ ಒಂದೇ ಕಡೆ ಕಾಣುತ್ತದೆ: ಪ್ಯಾಸಿಫೈಯರನ್ನು ಮೊದಲು ತೆಗೆದುಬಿಟ್ಟು, ಅದಿಲ್ಲದೆ ನಿದ್ದೆಗೆ ಜಾರುವ ಬಗೆಯನ್ನು ಮಗು ಅಳುತ್ತಲೇ ಕಂಡುಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಇಲ್ಲಿ ಹೇಳಿರುವ ಕ್ರಮದಲ್ಲಿ ನಿದ್ದೆಯ ಹೊಸ ದಾರಿಯನ್ನು ಕಟ್ಟುವ ಕೆಲಸ ಮೊದಲು ಬರುತ್ತದೆ, ತೆಗೆಯುವ ಕೆಲಸ ಅದಾದ ಮೇಲೆ ಬರುತ್ತದೆ.

## ಮಲಗುವಾಗಲೇ ಏಕೆ ಕಷ್ಟ

ಒಂದು ವರ್ಷ ದಾಟಿದ ಮಗುವಿನ ನಿದ್ದೆ ಸರಿಸುಮಾರು ಒಂದೊಂದು ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಗು ಅರೆಬರೆ ಎಚ್ಚರಗೊಂಡು, ಮಗ್ಗುಲು ಬದಲಿಸಿ, ಎಲ್ಲವೂ ಮಲಗಿದಾಗ ಇದ್ದಂತೆಯೇ ಇದ್ದರೆ ಮತ್ತೆ ನಿದ್ದೆಹೋಗುತ್ತದೆ. ಪ್ಯಾಸಿಫೈಯರ್ ಚೀಪುತ್ತ ಮಲಗಿದ ಮಗುವಿಗೆ ಎಲ್ಲವೂ ಇದ್ದಂತೆ ಇರುವುದಿಲ್ಲ, ಏಕೆಂದರೆ ನಿದ್ದೆ ಗಾಢವಾದಾಗ ತುಟಿ ಸಡಿಲಗೊಂಡು ಅದು ಬಾಯಿಂದ ಜಾರಿರುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ನಿದ್ದೆ ಆಳವಾಗಿರುವುದರಿಂದ ಇದು ಅಷ್ಟಾಗಿ ತಿಳಿಯುವುದಿಲ್ಲ. ನಡುರಾತ್ರಿ ಕಳೆದು ನಿದ್ದೆ ತೆಳುವಾದಂತೆ ಎಚ್ಚರಗಳು ಹೆಚ್ಚುತ್ತವೆ. ಸಂಜೆ ಸುಸೂತ್ರವಾಗಿ ಸಾಗಿದ ಪ್ರಯತ್ನ ಬೆಳಗಿನ ಜಾವದಲ್ಲಿ ಮುರಿದುಬೀಳುವುದು ಇದರಿಂದಲೇ.

ಹೀಗಾಗಿ ಮಗು ಕಲಿಯಬೇಕಾದದ್ದು ಬಾಯಲ್ಲಿ ಏನೂ ಇಲ್ಲದೆ ನಿದ್ದೆಗೆ ಜಾರುವುದೊಂದನ್ನೇ. ಸಂಜೆ ಅದನ್ನು ಕಲಿತ ಮಗು ನಡುರಾತ್ರಿ ಎಚ್ಚರವಾದಾಗಲೂ ಅದನ್ನೇ ಬಳಸುತ್ತದೆ.

## ವಯಸ್ಸು ಮತ್ತು ಸಮಯ

ಒಂದು ವರ್ಷದೊಳಗಿನ ಕೂಸಿಗೆ ಈ ಮಾರ್ಗದರ್ಶಿ ಅಲ್ಲ. ಮಲಗುವಾಗ ಪ್ಯಾಸಿಫೈಯರ್ ಬಳಸುವ ಶಿಶುಗಳಲ್ಲಿ ಹಠಾತ್ ಶಿಶುಮರಣದ ಅಪಾಯ ಕಡಿಮೆಯೆಂದು ಕಂಡುಬಂದಿರುವುದರಿಂದ, ಶಿಶುವನ್ನು ಮಲಗಿಸುವಾಗ ಅದನ್ನು ಕೊಡುವ ವಿಚಾರ ಮಾಡಬಹುದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ ನೀಡುತ್ತದೆ. ಒಂದು ವರ್ಷ ತುಂಬಿದ ಮೇಲೆ ಆ ಕಾರಣ ಉಳಿಯುವುದಿಲ್ಲ. ಮಧ್ಯಕಿವಿಯ ಸೋಂಕು ಪದೇ ಪದೇ ಬರುವ ಮಗುವಾದರೆ ಇನ್ನೂ ಬೇಗ ಬಿಡಿಸುವಂತೆ ವೈದ್ಯರು ಹೇಳಬಹುದು, ಏಕೆಂದರೆ ಪ್ಯಾಸಿಫೈಯರಿನ ಬಳಕೆಗೂ ಆ ಸೋಂಕಿಗೂ ನಂಟಿದೆ.

ಇನ್ನೊಂದು ತುದಿಯ ಗಡಿಯನ್ನು ಹಲ್ಲುಗಳು ಗೊತ್ತುಮಾಡುತ್ತವೆ. 3 ವರ್ಷ ದಾಟಿಯೂ ಚೀಪುವ ಅಭ್ಯಾಸ ಮುಂದುವರಿದರೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ನಡುವೆ ತೆರಪು ಉಳಿಯುವ, ಮೇಲ್ದವಡೆ ಕಿರಿದಾಗಿ ಹಿಂಬದಿಯ ಹಲ್ಲುಗಳು ಅಡ್ಡವಾಗಿ ಕೂರುವ ಸಾಧ್ಯತೆ ಹೆಚ್ಚುತ್ತದೆ. ಅಭ್ಯಾಸ ಬೇಗ ನಿಂತರೆ ಮುಂದಿನ ಹಲ್ಲುಗಳ ತೆರಪು ಅನೇಕ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಿರಿದಾದ ದವಡೆ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ನಡುವಿನ ಕಾಲವೇ ಒಳ್ಳೆಯದು. ಅದರಲ್ಲೂ ಎರಡು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಮಾತು ಅರ್ಥವಾಗುತ್ತದೆ, ಹಟ ಮಾತ್ರ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ವಯಸ್ಸು ಸರಿಯಿದ್ದರೂ ಸಮಯ ತಪ್ಪಿರಬಹುದು. ಮಗುವಿಗೆ ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಿಸಿದಾಗ, ಶಿಶುವಿಹಾರಕ್ಕೆ ಸೇರಿಸಿದಾಗ, ಶೌಚಾಲಯದ ಅಭ್ಯಾಸ ಮಾಡಿಸುತ್ತಿರುವಾಗ ಇದನ್ನು ಶುರುಮಾಡಬಾರದು. ಅಂತಹ ಬದಲಾವಣೆಯ ಹಿಂದೆ ಮತ್ತು ಮುಂದೆ ಕನಿಷ್ಠ ಮೂರು ವಾರಗಳ ಬಿಡುವಿರಲಿ. ಜ್ವರ ಅಥವಾ ಮೂಗು ಕಟ್ಟಿದ ದಿನಗಳೂ ಬೇಡ. ದವಡೆ ಹಲ್ಲು ಹುಟ್ಟುತ್ತಿರುವಾಗಲೂ ಕಾಯುವುದು ಮೇಲು. ಮೊದಲ ದವಡೆ ಹಲ್ಲುಗಳು ಸಾಮಾನ್ಯವಾಗಿ 13ರಿಂದ 19 ತಿಂಗಳ ನಡುವೆ, ಎರಡನೆಯವು 23ರಿಂದ 33 ತಿಂಗಳ ನಡುವೆ ಬರುತ್ತವೆ. ಇಷ್ಟೆಲ್ಲ ತಪ್ಪಿಸಿದ ಮೇಲೂ ಪ್ರತಿ ವಾರ ಏನಾದರೊಂದು ನೆವ ಸಿಗುತ್ತಿದ್ದರೆ ಸಿದ್ಧವಾಗಬೇಕಾದದ್ದು ಮಗುವಲ್ಲ, ದೊಡ್ಡವರು.

## ಮೊದಲೇ ಕೈಗೆ ಸಿಗಬೇಕಾದವು

ಸಾಮಗ್ರಿ ಬಹಳ ಬೇಕಿಲ್ಲ. ಬರೆದಿಡಲು ಒಂದು ಪುಸ್ತಕ, ಮಗು ತಬ್ಬಿಕೊಂಡು ಮಲಗಲು ಒಂದು ಮೆತ್ತನೆಯ ಗೊಂಬೆ ಅಥವಾ ಚಿಕ್ಕ ಬಟ್ಟೆ, ಕೋಣೆಗೆ ಮಂದ ದೀಪ, ನಾಲ್ಕೈದು ಚಿತ್ರಪುಸ್ತಕಗಳು, ಪ್ಯಾಸಿಫೈಯರುಗಳನ್ನು ಹಾಕಿಡಲು ಮುಚ್ಚಳವಿರುವ ಒಂದು ಡಬ್ಬಿ ಸಾಕು. ಗೊಂಬೆಗೆ ಕಿತ್ತುಬರುವ ಕಣ್ಣು, ಗುಂಡಿ ಅಥವಾ ಉದ್ದನೆಯ ದಾರ ಇರಬಾರದು. ಒಂದೇ ಬಗೆಯ ಎರಡನ್ನು ಕೊಂಡಿಟ್ಟು ಅದಲುಬದಲು ಬಳಸಿದರೆ ಒಂದು ಒಗೆಯಲು ಹೋದ ರಾತ್ರಿ ಗೋಳಾಟವಿರುವುದಿಲ್ಲ. ಫ್ಯಾನಿನಂತಹ ಏಕತಾನದ ಸದ್ದು ಮಾಡುವ ಸಾಧನ ಬಳಸುವವರು ಅದನ್ನು ಹಾಸಿಗೆಯಿಂದ ಸುಮಾರು 2 ಮೀಟರ್ ದೂರದಲ್ಲಿಟ್ಟು ಸದ್ದನ್ನು ತಗ್ಗಿಸಿಡಬೇಕು.

## ಹಂತ 1: ಮೂರು ದಿನ ಬರೆದಿಡಿ

ಏನನ್ನೂ ಬದಲಿಸದೆ ಮೂರು ದಿನ ಗಮನಿಸಿ. ಮಗು ಪ್ಯಾಸಿಫೈಯರನ್ನು ಯಾವ ಹೊತ್ತಿನಲ್ಲಿ ಕೇಳುತ್ತದೆ, ಮಲಗಿಸಿದ ಮೇಲೆ ನಿದ್ದೆ ಹತ್ತಲು ಎಷ್ಟು ನಿಮಿಷ ಬೇಕಾಗುತ್ತದೆ, ರಾತ್ರಿ ಎಷ್ಟು ಬಾರಿ ಎದ್ದು ಅಳುತ್ತದೆ, ಹಗಲಿನ ನಿದ್ದೆ ಎಷ್ಟು ಹೊತ್ತು ಎಂಬುದನ್ನು ಬರೆದಿಡಿ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು.

ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಐದನೆಯ ರಾತ್ರಿ, ನಿದ್ದೆಗೆಟ್ಟ ಕಣ್ಣುಗಳಿಗೆ ಏನೂ ಸುಧಾರಿಸಿಲ್ಲವೆಂದು ತೋರುವಾಗ, ಮೊದಲು ನಾಲ್ಕು ಬಾರಿ ಎದ್ದ ಮಗು ಈಗ ಎರಡೇ ಬಾರಿ ಎದ್ದಿದೆ ಎಂಬುದನ್ನು ತೋರಿಸಿಕೊಡುವುದು ಈ ಪುಸ್ತಕ ಮಾತ್ರ. ಮಗು ಮಲಗಬೇಕಾದದ್ದಕ್ಕಿಂತ ಒಂದು ಗಂಟೆ ತಡವಾಗಿ ಮಲಗುತ್ತಿದೆ ಎಂಬುದೂ ಇದರಿಂದಲೇ ತಿಳಿಯಬಹುದು. ಹಾಗಿದ್ದರೆ ಮೊದಲು ಆ ವೇಳೆಯನ್ನು ಸರಿಪಡಿಸಿ, ಏಕೆಂದರೆ ಅತಿಯಾಗಿ ದಣಿದ ಮಗು ಯಾವ ಹೊಸ ದಾರಿಯನ್ನೂ ಒಪ್ಪುವುದಿಲ್ಲ.

## ಹಂತ 2: ಮನೆಯವರೆಲ್ಲ ಒಂದೇ ಮಾತಿಗೆ ಬರಲಿ

ಮಗುವನ್ನು ಮಲಗಿಸುವ ಪ್ರತಿಯೊಬ್ಬರೂ, ಅಂದರೆ ತಂದೆ, ತಾಯಿ, ಅಜ್ಜ, ಅಜ್ಜಿ, ನೋಡಿಕೊಳ್ಳುವವರು ಎಲ್ಲರೂ, ಯಾವ ದಿನ ಆರಂಭ, ಅತ್ತರೆ ಏನು ಮಾಡಬೇಕು, ಏನು ಹೇಳಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಒಪ್ಪದವರೊಬ್ಬರಿದ್ದರೆ ವಾದ ಮಾಡಿ ಗೆಲ್ಲಲು ಹೋಗುವುದಕ್ಕಿಂತ ಅವರಿಗೇನು ಆತಂಕ ಎಂದು ಕೇಳುವುದು ಲೇಸು. ಬಹುಪಾಲು ಅವರ ಆತಂಕ ಮಗು ಒಂಟಿಯಾಗಿ ಅಳುತ್ತದೆ ಎಂಬುದಾಗಿರುತ್ತದೆ, ಮತ್ತು ಈ ಕ್ರಮದಲ್ಲಿ ಮಗುವನ್ನು ಒಂಟಿಯಾಗಿ ಅಳಲು ಬಿಡುವುದಿಲ್ಲ.

ಮೊದಲ ನಾಲ್ಕು ರಾತ್ರಿಗಳ ಪಾಳಿಯನ್ನೂ ಈಗಲೇ ಗೊತ್ತುಮಾಡಿ. ನಡುರಾತ್ರಿಗೆ ಮೊದಲು ಒಬ್ಬರು, ಆಮೇಲೆ ಇನ್ನೊಬ್ಬರು ಎಂದು ಹಂಚಿಕೊಂಡರೆ ನಸುಕಿನಲ್ಲಿ ಎದ್ದವರಿಗೆ ಸ್ವಲ್ಪವಾದರೂ ನಿದ್ದೆ ಆಗಿರುತ್ತದೆ. ಒಬ್ಬರೇ ಇರುವ ಮನೆಯಾದರೆ ಮರುದಿನ ಕೆಲಸದ ಒತ್ತಡವಿಲ್ಲದ ವಾರಾಂತ್ಯವನ್ನೋ ರಜೆಯನ್ನೋ ಆರಿಸಿಕೊಳ್ಳಿ.

## ಹಂತ 3: ಹಾಸಿಗೆಯ ಆಚೆಗೆ ಬರದಂತೆ ಮಾಡಿ

ಒಂದು ವಾರ ಪ್ಯಾಸಿಫೈಯರ್ ಹಾಸಿಗೆಯಲ್ಲಿ ಮಾತ್ರ ಎಂಬ ನಿಯಮವಿರಲಿ. ಮಗು ಎದ್ದೊಡನೆ ಅದನ್ನು ತಾನೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಲಿ. ಕೈಯಿಂದ ಕಿತ್ತುಕೊಳ್ಳುವುದಕ್ಕೂ ತಾನೇ ಹಾಕುವುದಕ್ಕೂ ಮಗುವಿನ ಪಾಲಿಗೆ ಬಹಳ ವ್ಯತ್ಯಾಸವಿದೆ. ಹಗಲಿನಲ್ಲಿ ಕೇಳಿದರೆ "ಅದು ಹಾಸಿಗೆಯಲ್ಲಿದೆ, ನಿನಗೆ ನಿದ್ದೆ ಬರುತ್ತಿದೆಯೇ? ಹೋಗಿ ಮಲಗೋಣ" ಎಂದು ಹೇಳಿ. ಮಗು ನಿಜವಾಗಿಯೂ ಹೋಗಿ ಐದು ನಿಮಿಷ ಹಾಸಿಗೆಯಲ್ಲಿ ಕುಳಿತು ಚೀಪಿ ಬಂದರೆ ತಡೆಯಬೇಡಿ. ಎರಡು ಮೂರು ದಿನಗಳಲ್ಲಿ ಆಟ ಬಿಟ್ಟು ಹೋಗುವುದು ಅದಕ್ಕೇ ಬೇಸರವಾಗುತ್ತದೆ.

ಈಗಾಗಲೇ ಮಲಗುವಾಗ ಮಾತ್ರ ಬಳಸುವ ಮಗುವಾದರೆ ಈ ಹಂತವನ್ನು ಬಿಟ್ಟು ಮುಂದೆ ಸಾಗಬಹುದು.

## ಹಂತ 4: ನಿದ್ದೆಯ ಹೊಸ ದಾರಿಯನ್ನು ಕಟ್ಟಿ

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಇದಕ್ಕೆ ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು, ಮತ್ತು ಈ ದಿನಗಳಲ್ಲಿ ಪ್ಯಾಸಿಫೈಯರ್ ಎಂದಿನಂತೆ ಮಗುವಿನ ಬಾಯಲ್ಲೇ ಇರುತ್ತದೆ. ಹೊಸ ಅಭ್ಯಾಸಗಳು ಹಳೆಯದರ ಜೊತೆಯಲ್ಲೇ ಬೇರೂರಬೇಕು; ಹಾಗಾದಾಗ ಒಂದು ದಿನ ಹಳೆಯದನ್ನು ತೆಗೆದರೂ ಮಗುವಿಗೆ ಹಿಡಿದುಕೊಳ್ಳಲು ಬೇರೆ ಆಧಾರಗಳಿರುತ್ತವೆ.

ಮೊದಲನೆಯದು ಮಲಗುವ ಮುನ್ನಿನ ದಿನಚರಿ. 20ರಿಂದ 30 ನಿಮಿಷಗಳೊಳಗೆ ಮುಗಿಯುವ, ಪ್ರತಿ ರಾತ್ರಿ ಒಂದೇ ಅನುಕ್ರಮದಲ್ಲಿ ನಡೆಯುವ ಐದಾರು ಕೆಲಸಗಳನ್ನು ಆರಿಸಿ: ಮುಖ ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ರಾತ್ರಿಯ ಬಟ್ಟೆ, ಎರಡು ಪುಸ್ತಕ, ಒಂದು ಹಾಡು, ದೀಪ ಮಂದ ಮಾಡುವುದು. ಯಾವ ಕೆಲಸಗಳು ಎಂಬುದು ಮುಖ್ಯವಲ್ಲ, ಅನುಕ್ರಮ ಬದಲಾಗದಿರುವುದು ಮುಖ್ಯ. ಮಲಗುವ ಒಂದು ಗಂಟೆ ಮೊದಲೇ ಟಿವಿ ಮತ್ತು ಮೊಬೈಲನ್ನು ಬದಿಗಿಡಿ. ಹಾಲು ಕುಡಿಯುವ ಅಭ್ಯಾಸವಿದ್ದರೆ ಅದು ಹಲ್ಲುಜ್ಜುವುದಕ್ಕೆ ಮೊದಲೇ ಮುಗಿದಿರಲಿ.

ಎರಡನೆಯದು ಗೊಂಬೆ ಅಥವಾ ಬಟ್ಟೆ. ಒಂದು ವರ್ಷ ದಾಟಿದ ಆರೋಗ್ಯವಂತ ಮಗುವಿನ ಹಾಸಿಗೆಯಲ್ಲಿ ಇಂತಹ ಒಂದು ಮೆತ್ತನೆಯ ವಸ್ತು ಇರಬಹುದು. ಅಂಗಡಿಯಿಂದ ತಂದ ದಿನವೇ ಅದು ಮಗುವಿಗೆ ಆಪ್ತವಾಗುವುದಿಲ್ಲ. ಹಗಲಿನಲ್ಲಿ ಕಥೆ ಓದುವಾಗ ಅದನ್ನೂ ಪಕ್ಕದಲ್ಲಿ ಕೂರಿಸಿ, ದಿನಚರಿಯಲ್ಲಿ ಅದಕ್ಕೂ ಮುಖ ಒರೆಸಿ, ಮಲಗಿಸುವಾಗ ಮಗುವೇ ಅದನ್ನು ಮೊದಲು ತಟ್ಟಿ ಮಲಗಿಸಲಿ. ಎರಡು ರಾತ್ರಿ ತಾಯಿಯೋ ತಂದೆಯೋ ಅದನ್ನು ತಮ್ಮ ಮಗ್ಗುಲಲ್ಲಿಟ್ಟುಕೊಂಡು ಮಲಗಿದರೆ ಅದಕ್ಕೆ ಅವರ ಮೈಯ ವಾಸನೆ ಹತ್ತುತ್ತದೆ. ಕೆಲವು ಮಕ್ಕಳು ಎಷ್ಟು ಮಾಡಿದರೂ ಗೊಂಬೆಯನ್ನು ಹಚ್ಚಿಕೊಳ್ಳುವುದಿಲ್ಲ, ಅದನ್ನು ಹೇರಬೇಕಾಗಿಯೂ ಇಲ್ಲ.

ಮೂರನೆಯದು ತಟ್ಟುವಿಕೆ ಮತ್ತು ದನಿ. ಮಗು ಚೀಪುತ್ತ ಮಲಗಿರುವಾಗ ಅದರ ಬೆನ್ನನ್ನೋ ತೊಡೆಯನ್ನೋ ನಿಧಾನ ಲಯದಲ್ಲಿ ತಟ್ಟುತ್ತ, ಒಂದೇ ರಾಗವನ್ನು ಬಾಯಿಮುಚ್ಚಿ ಗುನುಗಿ. ಈ ಎರಡೂ ಸೇರಿ ನಿದ್ದೆಯ ಸೂಚನೆಯಾಗಿ ನೆಲೆಗೊಳ್ಳಲು ಸುಮಾರು ಒಂದು ವಾರ ಹಿಡಿಯುತ್ತದೆ. ತೋಳಿನಲ್ಲಿಟ್ಟು ತೂಗುವುದನ್ನು ಮಾತ್ರ ಹೊಸದಾಗಿ ಶುರುಮಾಡಬೇಡಿ. ಒಂದು ಆಸರೆಯನ್ನು ಬಿಡಿಸಲು ಹೋಗಿ ಅದಕ್ಕಿಂತ ಭಾರದ್ದನ್ನು ಕಟ್ಟಿಕೊಂಡಂತಾಗುತ್ತದೆ, ಮತ್ತು ಆರು ತಿಂಗಳ ನಂತರ ಅದನ್ನು ಬಿಡಿಸಲು ಇನ್ನೊಂದು ಮಾರ್ಗದರ್ಶಿ ಬೇಕಾಗುತ್ತದೆ.

ನಾಲ್ಕನೆಯದು ಜೊಂಪು ಹತ್ತುವ ಕ್ಷಣ. ಕೊನೆಯ ನಾಲ್ಕೈದು ದಿನಗಳಲ್ಲಿ, ಮಗು ಚೀಪುವುದು ನಿಧಾನವಾಗಿ ಕಣ್ಣು ಮುಚ್ಚತೊಡಗಿದಾಗ, ಪ್ಯಾಸಿಫೈಯರಿನ ಅಂಚಿನಲ್ಲಿ ಬೆರಳಿಟ್ಟು ಮೆಲ್ಲಗೆ ತೆಗೆಯಿರಿ. ಬಾಯಿ ಮತ್ತೆ ಹುಡುಕಿದರೆ ಕೊಟ್ಟು ಒಂದು ನಿಮಿಷ ಬಿಟ್ಟು ಪುನಃ ಪ್ರಯತ್ನಿಸಿ. ಒಂದು ರಾತ್ರಿಗೆ ಮೂರು ಬಾರಿಗಿಂತ ಹೆಚ್ಚು ಬೇಡ. ನಿದ್ದೆಯ ಕೊನೆಯ ಹೆಜ್ಜೆಯನ್ನು ಬರಿಬಾಯಲ್ಲಿ ಇಟ್ಟ ಅನುಭವ ಮಗುವಿಗೆ ಆಗಬೇಕು, ಅಷ್ಟೇ ಇದರ ಉದ್ದೇಶ.

## ಹಂತ 5: ಮಗುವಿಗೆ ಮುಂಚಿತವಾಗಿ ತಿಳಿಸಿ

ಎರಡು ವರ್ಷ ಸಮೀಪಿಸಿದ ಮಗುವಿಗೆ ಎರಡು ಮೂರು ದಿನ ಮೊದಲೇ ಹೇಳಬೇಕು. ಒಂದು ತಿಂಗಳು ಮೊದಲೇ ಹೇಳಿದರೆ ಅದಕ್ಕೆ ಕಾಲದ ಅಳತೆ ತಿಳಿಯದೆ ಆತಂಕ ಮಾತ್ರ ಉಳಿಯುತ್ತದೆ. "ಇನ್ನು ಎರಡು ರಾತ್ರಿ ಇದು ನಿನ್ನ ಜೊತೆ ಇರುತ್ತದೆ, ಆಮೇಲೆ ಗೊಂಬೆಯನ್ನು ತಬ್ಬಿಕೊಂಡು ಮಲಗುತ್ತೀಯ, ನಾನು ಪಕ್ಕದಲ್ಲಿರುತ್ತೇನೆ" ಎಂಬಷ್ಟು ಸಾಕು. ಪುಟ್ಟ ಬೀಳ್ಕೊಡುಗೆ ಮಾಡುವುದಾದರೆ ಮಗುವೇ ಎಲ್ಲ ಪ್ಯಾಸಿಫೈಯರುಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ನಿಮ್ಮ ಕೈಗೆ ಕೊಡಲಿ.

ಒಂದೂವರೆ ವರ್ಷದ ಮಗುವಿಗೆ ಇಷ್ಟು ವಿವರ ಬೇಕಿಲ್ಲ. ಆ ದಿನ ಸಂಜೆ ಒಂದು ವಾಕ್ಯ ಹೇಳಿದರೆ ಆಯಿತು. ಕಾಗೆ ಕಚ್ಚಿಕೊಂಡು ಹೋಯಿತು, ಕಳ್ಳ ಕದ್ದ ಎಂಬಂತಹ ಕಥೆಗಳನ್ನು ನಾನು ಒಪ್ಪುವುದಿಲ್ಲ. ತನ್ನ ವಸ್ತುವನ್ನು ಯಾರೋ ಕೊಂಡೊಯ್ದರೆಂದು ನಂಬಿದ ಮಗುವನ್ನು ಅದೇ ಕತ್ತಲೆ ಕೋಣೆಯಲ್ಲಿ ನಿಶ್ಚಿಂತೆಯಾಗಿ ಮಲಗೆಂದರೆ ಅದು ಹೇಗೆ ಮಲಗೀತು?

ಪ್ಯಾಸಿಫೈಯರ್ ತೆಗೆಯುವ ದಿನ ಮನೆಯನ್ನೆಲ್ಲ ಜಾಲಾಡಿ. ದಿಂಬಿನ ಕೆಳಗೆ, ಮಂಚ ಮತ್ತು ಗೋಡೆಯ ಸಂದು, ಸೋಫಾದ ಮೂಲೆ, ಕಾರಿನ ಸೀಟು, ಪ್ರಯಾಣದ ಚೀಲ, ಅಜ್ಜಿಯ ಕೈಚೀಲ, ಹೀಗೆ ಎಲ್ಲ ಕಡೆಯೂ ಹುಡುಕಿ. ಸಿಕ್ಕಿದ್ದನ್ನೆಲ್ಲ ಮನೆಯಿಂದ ಹೊರಗೆ ಹಾಕಬೇಕು. ತುರ್ತಿಗಿರಲಿ ಎಂದು ಎತ್ತಿಟ್ಟ ಒಂದು ಪ್ಯಾಸಿಫೈಯರೇ ಮೂರನೆಯ ರಾತ್ರಿ ನಿಮ್ಮನ್ನು ಸೋಲಿಸುತ್ತದೆ.

## ಹಂತ 6: ಮೊದಲ ರಾತ್ರಿ

ಪೂರ್ವಸಿದ್ಧತೆ ನಿಧಾನವಾಗಿ ನಡೆಯಬೇಕು, ತೆಗೆಯುವುದು ಮಾತ್ರ ಒಂದೇ ಬಾರಿಗೆ ನಡೆಯಬೇಕು. ಇವತ್ತು ಕೊಟ್ಟು ನಾಳೆ ಕೊಡದೆ, ಮೊದಲ ಅರ್ಧ ಗಂಟೆ ಕೊಟ್ಟು ಆಮೇಲೆ ಕೊಡದೆ ಎಳೆದಾಡಿದರೆ, ಯಾವಾಗ ಸಿಗುತ್ತದೆಂದು ತಿಳಿಯದ ಮಗು ಪ್ರತಿ ಬಾರಿಯೂ ಅತ್ತು ಪರೀಕ್ಷಿಸುತ್ತದೆ.

ರಾತ್ರಿಯ ನಿದ್ದೆಯಿಂದಲೇ ಆರಂಭಿಸಿ. ಇಡೀ ದಿನದ ದಣಿವಿನಿಂದ ನಿದ್ದೆಯ ಒತ್ತಡ ಅತಿ ಹೆಚ್ಚಿರುವುದು ಆಗಲೇ. ಆ ದಿನ ಮಧ್ಯಾಹ್ನದ ನಂತರ ಮಗುವಿಗೆ ಚೆನ್ನಾಗಿ ಓಡಾಡಲು ಬಿಡಿ, ದಿನಚರಿಯನ್ನು ಎಂದಿನ ವೇಳೆಗೇ ಶುರುಮಾಡಿ, ಕಥೆಯ ಹೊತ್ತಿನಲ್ಲಿ ಹತ್ತು ನಿಮಿಷ ಹೆಚ್ಚಿಗೆ ತೊಡೆಯ ಮೇಲಿರಿಸಿಕೊಳ್ಳಿ. ಮಗು ಇನ್ನೂ ಎಚ್ಚರವಿದ್ದಾಗಲೇ ಹಾಸಿಗೆಯಲ್ಲಿ ಮಲಗಿಸಿ, ಗೊಂಬೆ ಕೊಟ್ಟು, ತಟ್ಟುವುದು ಮತ್ತು ಗುನುಗುವುದನ್ನು ಆರಂಭಿಸಿ.

ಮಗು ಕೇಳುತ್ತದೆ. ಆಗ ಹೇಳಬೇಕಾದದ್ದು ಒಂದೇ ವಾಕ್ಯ: "ಅದು ಮುಗಿಯಿತು, ನಾನಿದ್ದೇನೆ, ಈಗ ಮಲಗುವ ಹೊತ್ತು." ಹತ್ತು ಬಾರಿ ಕೇಳಿದರೆ ಹತ್ತು ಬಾರಿಯೂ ಅದನ್ನೇ, ಅದೇ ದನಿಯಲ್ಲಿ ಹೇಳಿ. ಕಾರಣಗಳನ್ನು ವಿವರಿಸತೊಡಗಿದರೆ ಮಗು ಅದನ್ನು ಚೌಕಾಸಿಯೆಂದು ತಿಳಿಯುತ್ತದೆ. ಅಳು ಜೋರಾದರೆ ಎತ್ತಿ ಎದೆಗೊತ್ತಿಕೊಂಡು ಸಮಾಧಾನವಾದ ಮೇಲೆ ಮತ್ತೆ ಹಾಸಿಗೆಯಲ್ಲೇ ಮಲಗಿಸಿ. ಕೋಣೆಯಿಂದ ಹೊರಗೆ ಕರೆದೊಯ್ಯಬೇಡಿ, ದೀಪ ಹಾಕಬೇಡಿ. ಹದಿನೈದು ನಿಮಿಷದಿಂದ ಒಂದು ಗಂಟೆಯವರೆಗೂ ಇದು ನಡೆಯಬಹುದು. ನಿಮ್ಮ ತಾಳ್ಮೆ ಮುಗಿಯುತ್ತಿದೆ ಅನ್ನಿಸಿದರೆ ಸಿಡುಕುವ ಮೊದಲೇ ಪಾಳಿ ಬದಲಿಸಿ. ಮಗು ನಿಮ್ಮ ಮಾತಿಗಿಂತ ಮೈಯ ಬಿಗಿತವನ್ನು ಬೇಗ ಗ್ರಹಿಸುತ್ತದೆ.

## ಹಂತ 7: ನಡುರಾತ್ರಿಯ ಎಚ್ಚರ

ಕೋಣೆಯಿಂದ ಸದ್ದು ಕೇಳಿದೊಡನೆ ಓಡಬೇಡಿ. ಎರಡು ಮೂರು ನಿಮಿಷ ಕಿವಿಗೊಟ್ಟು ಕಾಯಿರಿ. ನಿದ್ದೆಯ ಸುತ್ತುಗಳ ನಡುವೆ ಮಗು ನರಳುವುದು, ಕನವರಿಸುವುದು, ಎದ್ದು ಕುಳಿತು ಮತ್ತೆ ಬೀಳುವುದು ಸಹಜ; ಅದರ ನಡುವೆ ನೀವು ಹೋಗಿ ಮುಟ್ಟಿದರೆ ಅರೆನಿದ್ದೆಯಲ್ಲಿದ್ದುದು ಪೂರ್ತಿ ಎಚ್ಚರವಾಗುತ್ತದೆ. ಅಳು ಏರುತ್ತಲೇ ಹೋದರೆ ಹೋಗಿ, ಸಂಜೆ ಮಾಡಿದ್ದನ್ನೇ ಕಡಿಮೆ ಮಾತಿನಲ್ಲಿ ಮಾಡಿ. ಗೊಂಬೆ ಹಾಸಿಗೆಯಿಂದ ಬಿದ್ದಿದ್ದರೆ ಮಗುವಿನ ಕೈಗೆ ಕೊಡಿ.

ಈ ಹೊತ್ತಿನಲ್ಲಿ ಪ್ಯಾಸಿಫೈಯರಿಗೆ ಬದಲಾಗಿ ಹಾಲಿನ ಬಾಟಲಿ ಕೊಡುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಹಾಲು ಬಾಯಲ್ಲಿರುವಂತೆಯೇ ನಿದ್ದೆಹೋದ ಮಗುವಿನ ಹಲ್ಲುಗಳು ಹುಳುಕಾಗುತ್ತವೆ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆ ಒಸರುವುದರಿಂದ ಹಾಲಿನ ಸಕ್ಕರೆ ಹಲ್ಲಿನ ಮೇಲೆಯೇ ಉಳಿಯುತ್ತದೆ. ಬಾಯಾರಿದರೆ ಒಂದು ಗುಟುಕು ನೀರು ಸಾಕು.

ಅತಿ ದುಬಾರಿಯಾಗುವ ತಪ್ಪು ಇನ್ನೊಂದಿದೆ: ನಲವತ್ತು ನಿಮಿಷ ಅತ್ತ ಮೇಲೆ ಮನಸ್ಸು ಕರಗಿ, ಎಲ್ಲೋ ಉಳಿದಿದ್ದ ಪ್ಯಾಸಿಫೈಯರನ್ನು ಕೊಟ್ಟುಬಿಡುವುದು. ನಲವತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬ ಪಾಠವನ್ನು ಮಗು ಒಂದೇ ರಾತ್ರಿಯಲ್ಲಿ ಕಲಿಯುತ್ತದೆ, ಮುಂದಿನ ಪ್ರಯತ್ನದಲ್ಲಿ ಐವತ್ತು ನಿಮಿಷ ಅಳುತ್ತದೆ. ಕೊಡುವುದೇ ಅನಿವಾರ್ಯವಾದರೆ ಮೊದಲ ಐದು ನಿಮಿಷದಲ್ಲೇ ಕೊಟ್ಟು, ಈ ಸಲಕ್ಕೆ ಪ್ರಯತ್ನ ನಿಲ್ಲಿಸಿ, ಒಂದು ತಿಂಗಳ ನಂತರ ಹಂತ 4ರಿಂದ ಪುನಃ ಆರಂಭಿಸುವುದು ಮೇಲು.

## ಹಂತ 8: ಹಗಲಿನ ನಿದ್ದೆ

ಮೊದಲ ರಾತ್ರಿ ದಾಟಿದ ಮರುದಿನದಿಂದ ಹಗಲಿನಲ್ಲೂ ಕೊಡುವಂತಿಲ್ಲ. ಹಗಲು ನಿದ್ದೆಯ ಒತ್ತಡ ಕಡಿಮೆಯಿರುವುದರಿಂದ ರಾತ್ರಿ ಸರಿಹೋಗಿ ವಾರ ಕಳೆದರೂ ಹಗಲಿನ ನಿದ್ದೆ ಏರುಪೇರಾಗಿಯೇ ಇರಬಹುದು. ಎರಡು ವಾರ ಹಿಡಿದರೂ ಗಾಬರಿ ಬೇಡ. ರಾತ್ರಿಯ ದಿನಚರಿಯನ್ನೇ ಹತ್ತು ನಿಮಿಷಕ್ಕೆ ಇಳಿಸಿ, ಕೋಣೆಯನ್ನು ಕತ್ತಲು ಮಾಡಿ ಮಲಗಿಸಿ. 45 ನಿಮಿಷದಿಂದ ಒಂದು ಗಂಟೆಯವರೆಗೂ ನಿದ್ದೆ ಬಾರದಿದ್ದರೆ ಅಂದಿನ ನಿದ್ದೆಯನ್ನು ಕೈಬಿಟ್ಟು ಎಬ್ಬಿಸಿ, ಆ ರಾತ್ರಿ 30ರಿಂದ 45 ನಿಮಿಷ ಬೇಗ ಮಲಗಿಸಿ.

ಎಲ್ಲೂ ನಿದ್ದೆ ಮಾಡಲಿಲ್ಲವೆಂದು ಸಂಜೆ ಐದು ಗಂಟೆಗೆ ಕಾರಿನಲ್ಲಿ ಸುತ್ತಾಡಿಸಿ ಮಲಗಿಸಿದರೆ ಆ ರಾತ್ರಿ ಕೆಟ್ಟಂತೆಯೇ. ಶಿಶುವಿಹಾರಕ್ಕೆ ಹೋಗುವ ಮಗುವಾದರೆ ಅಲ್ಲಿಯವರಿಗೂ ದಿನಾಂಕ ಮತ್ತು ಹೇಳಬೇಕಾದ ವಾಕ್ಯ ತಿಳಿದಿರಲಿ.

## ಹಂತ 9: ಎರಡನೆಯ ರಾತ್ರಿಯಿಂದ ಎರಡನೆಯ ವಾರದವರೆಗೆ

ಎರಡನೆಯ ಅಥವಾ ಮೂರನೆಯ ರಾತ್ರಿ ಮೊದಲನೆಯದಕ್ಕಿಂತ ಕಠಿಣವಾಗಿರುವುದು ಸಾಮಾನ್ಯ. ಮೊದಲ ರಾತ್ರಿ ಮಗುವಿಗೆ ಇದು ಹೊಸತು, ಮೂರನೆಯ ರಾತ್ರಿಗೆ ಇದು ಶಾಶ್ವತವೆಂಬ ಅನುಮಾನ ಹುಟ್ಟಿರುತ್ತದೆ. ಅಭ್ಯಾಸ ಬಿಟ್ಟುಹೋಗುವ ಮುನ್ನ ಬೇಡಿಕೆ ಒಮ್ಮೆ ತೀವ್ರವಾಗಿ ಏರುತ್ತದೆ. ಈ ಏರಿಕೆಯನ್ನೇ ಸೋಲೆಂದು ತಿಳಿದು ಕೈಬಿಡುವವರು ಬಹಳ. ಹೆಚ್ಚಿನ ಮಕ್ಕಳಲ್ಲಿ ಮೂರರಿಂದ ಐದು ರಾತ್ರಿಗಳಲ್ಲಿ ಅಳುವಿನ ಅವಧಿ ಸ್ಪಷ್ಟವಾಗಿ ತಗ್ಗುತ್ತದೆ. ಪುಸ್ತಕದಲ್ಲಿ ಬರೆಯುತ್ತಿರಿ.

ಮಗು ಹೆಬ್ಬೆರಳನ್ನು ಬಾಯಿಗಿಟ್ಟರೆ ಗದರಬೇಡಿ, ಕೈಯನ್ನು ಎಳೆಯಬೇಡಿ. ಗೊಂಬೆಯ ಕಿವಿಯನ್ನೋ ಬಟ್ಟೆಯ ಅಂಚನ್ನೋ ಆ ಕೈಗೆ ಕೊಟ್ಟು ಬೆರಳುಗಳಿಗೆ ಕೆಲಸ ಒದಗಿಸಿ. ವಾರ ಕಳೆದಂತೆ ತಟ್ಟುವುದನ್ನು ಕಡಿಮೆ ಮಾಡುತ್ತ, ಹಾಸಿಗೆಯ ಪಕ್ಕದಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿನತ್ತ ಸರಿಯಿರಿ.

## ಮಾಡಲೇಬಾರದವು

ಪ್ಯಾಸಿಫೈಯರಿನ ತುದಿಯನ್ನು ಕತ್ತರಿಸಿ ಅಥವಾ ಚುಚ್ಚಿ ಕೊಡುವ ಉಪಾಯವನ್ನು ಅನೇಕರು ಹೇಳುತ್ತಾರೆ. ಹೀರುವ ಸುಖ ಕಡಿಮೆಯಾಗಿ ಮಗು ತಾನೇ ಬಿಡುತ್ತದೆ ಎಂಬುದು ಅದರ ತರ್ಕ. ಆದರೆ ಕತ್ತರಿಸಿದ ರಬ್ಬರು ಅಥವಾ ಸಿಲಿಕೋನ್ ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ, ಆ ತುಂಡು ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಯಾರೂ ನೋಡದ ನಿದ್ದೆಯ ಹೊತ್ತಿನಲ್ಲಿ ಇದನ್ನು ಕೊಡುವುದು ಅಪಾಯಕಾರಿ. ಈ ಉಪಾಯವನ್ನು ನಾನು ಪೂರ್ತಿಯಾಗಿ ತಳ್ಳಿಹಾಕುತ್ತೇನೆ. ಬಿಡಿಸುವ ದಿನ ಬರುವವರೆಗೂ ಬಳಸುತ್ತಿರುವ ಪ್ಯಾಸಿಫೈಯರನ್ನು ಪ್ರತಿದಿನ ಎಳೆದು ನೋಡಿ, ಬಿರುಕು ಕಂಡರೆ ಅಂದೇ ಎಸೆಯಿರಿ.

ಕಹಿ ಅಥವಾ ಖಾರದ್ದನ್ನು ಸವರುವುದು ಬಾಯನ್ನು ಸುಡುತ್ತದೆ, ಮಗುವಿನ ನಂಬಿಕೆಯನ್ನೂ ಕೆಡಿಸುತ್ತದೆ. ಸಿಹಿ ಸವರಿ ಪುಸಲಾಯಿಸುವುದರಿಂದ ಹಲ್ಲು ಹಾಳಾಗುತ್ತದೆ. ದಾರ ಅಥವಾ ಕ್ಲಿಪ್ಪಿನಿಂದ ಬಟ್ಟೆಗೆ ಕಟ್ಟಿದ ಪ್ಯಾಸಿಫೈಯರ್ ನಿದ್ದೆಯಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ್ದರಿಂದ ಹಂತ 3 ಮತ್ತು 4ರ ದಿನಗಳಲ್ಲೂ ಅದನ್ನು ಹಾಸಿಗೆಗೆ ತರಬೇಡಿ. ದೊಡ್ಡವರಾದ ಮೇಲೆ ಇನ್ನೂ ಚೀಪುತ್ತೀಯಾ ಎಂದು ಬೇರೆಯವರ ಮುಂದೆ ಹಂಗಿಸಿದರೆ ಮಗು ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

## ಎಚ್ಚರಿಕೆಯ ಲಕ್ಷಣಗಳು

ಎಲ್ಲ ಅಳುವೂ ಪ್ಯಾಸಿಫೈಯರಿಗಾಗಿಯೇ ಎಂದು ತಿಳಿಯುವುದೂ ತಪ್ಪು. ಜ್ವರ, ಕಿವಿಯನ್ನು ಪದೇ ಪದೇ ಎಳೆದುಕೊಳ್ಳುವುದು, ಮಲಗಿಸಿದೊಡನೆ ನೋವಿನಿಂದ ಚೀರುವುದು, ವಾಂತಿ, ಮೂತ್ರ ಕಡಿಮೆಯಾಗುವುದು, ಊಟ ನೀರು ಬಿಡುವುದು, ಇವುಗಳಲ್ಲಿ ಯಾವುದು ಕಂಡರೂ ಪ್ರಯತ್ನ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಪ್ಯಾಸಿಫೈಯರ್ ತೆಗೆದ ಮೇಲೆ ಕೆಲವು ಮಕ್ಕಳು ಬಾಯಿ ತೆರೆದು ಮಲಗುವುದು, ಹೆಚ್ಚಿನ ರಾತ್ರಿಗಳಲ್ಲಿ ಗೊರಕೆ ಹೊಡೆಯುವುದು, ನಿದ್ದೆಯ ನಡುವೆ ಉಸಿರು ನಿಂತಂತಾಗಿ ಏದುಸಿರು ಬಿಡುವುದು ಗಮನಕ್ಕೆ ಬರುತ್ತದೆ. ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಅಥವಾ ಟಾನ್ಸಿಲ್ ದೊಡ್ಡದಾಗಿರುವ ಸಾಧ್ಯತೆಯಿದ್ದು, ಕಿವಿ ಮೂಗು ಗಂಟಲಿನ ವೈದ್ಯರು ಅದನ್ನು ನೋಡಬೇಕು. ಅಳುವಿನಿಂದ ಉಸಿರು ಕಟ್ಟಿ ತುಟಿ ನೀಲಿಯಾಗುವ ಮಗು, ಅವಧಿಗೆ ಮುನ್ನ ಹುಟ್ಟಿದ ಮಗು, ಬೆಳವಣಿಗೆಯಲ್ಲಿ ವಿಳಂಬವಿರುವ ಅಥವಾ ಆಟಿಸಂ ಇರುವ ಮಗು, ಇಂತಹವರ ವಿಷಯದಲ್ಲಿ ಆರಂಭಿಸುವ ಮುನ್ನವೇ ವೈದ್ಯರೊಡನೆ ಮಾತನಾಡಿ, ಏಕೆಂದರೆ ಅಲ್ಲಿ ಚೀಪುವಿಕೆಯ ಸ್ಥಾನಕ್ಕೆ ಬರಬೇಕಾದದ್ದು ಬೇರೆಯೇ ಇರಬಹುದು.

ಎರಡು ವಾರ ಕ್ರಮ ತಪ್ಪದೆ ನಡೆದೂ ಪುಸ್ತಕದ ಅಂಕಿಗಳು ಇಳಿಯದಿದ್ದರೆ ಕಾರಣ ಬೇರೆ ಕಡೆ ಇದೆ. ಮಲಗುವ ವೇಳೆ, ಹಗಲಿನ ನಿದ್ದೆಯ ಅವಧಿ, ಮನೆಯಲ್ಲಿ ಯಾರಾದರೂ ಗುಟ್ಟಾಗಿ ಕೊಡುತ್ತಿರುವುದು, ಈ ಮೂರನ್ನು ಮೊದಲು ಪರಿಶೀಲಿಸಿ.

## ತಿಂಗಳು ಕಳೆದ ಮೇಲೆ

ಮಧ್ಯೆ ಜ್ವರ ಬಂದಾಗ ಅಥವಾ ಬೇರೆ ಮನೆಯಲ್ಲಿ ಮಲಗುವಾಗ ಮಗು ಮತ್ತೆ ಕೇಳಬಹುದು. ಆಗ ಹೆಚ್ಚು ಹೊತ್ತು ಎತ್ತಿಕೊಳ್ಳಿ, ಪಕ್ಕದಲ್ಲೇ ಕುಳಿತುಕೊಳ್ಳಿ, ಪ್ಯಾಸಿಫೈಯರನ್ನು ಮಾತ್ರ ಮರಳಿ ತರಬೇಡಿ. ಎಲ್ಲಿಂದಲೋ ಒಂದು ಹಳೆಯದು ಮಗುವಿನ ಕೈಗೆ ಸಿಕ್ಕಿ ಬಾಯಿಗೆ ಹೋದರೆ ಗಾಬರಿಯಿಂದ ಕಸಿದುಕೊಳ್ಳದೆ, "ಅರೆ, ಒಂದು ಉಳಿದುಹೋಗಿತ್ತೇ!" ಎಂದು ಕೈಚಾಚಿ ಕೇಳಿ ಪಡೆದು ಅದನ್ನೂ ಹೊರಗೆ ಹಾಕಿ.

ಮುಂದಿನ ದಂತಪರೀಕ್ಷೆಯಲ್ಲಿ ಮಗು ಎಷ್ಟು ಕಾಲ ಪ್ಯಾಸಿಫೈಯರ್ ಬಳಸಿತ್ತು, ಯಾವ ತಿಂಗಳಲ್ಲಿ ಬಿಟ್ಟಿತು ಎಂಬುದನ್ನು ದಂತವೈದ್ಯರಿಗೆ ತಿಳಿಸಿ. ಮಗು ಹಿಂದಿನ ಹಲ್ಲುಗಳನ್ನು ಕಚ್ಚಿ ಹಿಡಿದಾಗ ಮುಂದಿನ ಹಲ್ಲುಗಳ ನಡುವೆ ಉಳಿಯುವ ತೆರಪನ್ನು ಅವರು ಅಳೆದು ಬರೆದಿಟ್ಟರೆ, ಆರು ತಿಂಗಳ ನಂತರದ ಭೇಟಿಯಲ್ಲಿ ಅದು ಮುಚ್ಚಿಕೊಳ್ಳುತ್ತಿದೆಯೇ ಎಂಬುದನ್ನು ಹೋಲಿಸಿ ನೋಡಬಹುದು.